ಹಲಗೆಯಿಂದ ಕನ್ನಡಕಕ್ಕೆ

ಬಿ.ಎಡ್. ಓದಿದವರಿಗೆಲ್ಲ ಹರ್ಬಾರ್ಟನ ಪಾಠಸೋಪಾನಗಳು ಪರಿಚಿತವೇ. ಪೀಠಿಕೆ, ನಿರೂಪಣೆ, ಅನ್ವಯ ಎಂದು ಪಾಠಯೋಜನೆಯ ಪುಸ್ತಕದಲ್ಲಿ ನಾವು ಗೆರೆ ಎಳೆಯುತ್ತಿದ್ದುದು ಆ ಜರ್ಮನ್ ತತ್ತ್ವಜ್ಞಾನಿಯ ಪರಂಪರೆಯಿಂದ. ಇಂಥದೇ ಸೋಪಾನಗಳು ಕಾರ್ಖಾನೆಯನ್ನೂ ಹೊಕ್ಕ ಸಂಗತಿ ಸ್ವಾರಸ್ಯಕರವಾದುದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಾರ್ಖಾನೆಗಳಲ್ಲಿ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಚಾರ್ಲ್ಸ್ ಆಲೆನ್ 1919ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೆಲಸಗಾರನಿಗೆ ಕಲಿಸುವ ನಾಲ್ಕು ಹಂತಗಳನ್ನು ಹೇಳಿದನು: ಸಿದ್ಧತೆ, ನಿರೂಪಣೆ, ಅನ್ವಯ, ಪರೀಕ್ಷೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸಬರನ್ನು ಬೇಗನೆ ತರಬೇತುಗೊಳಿಸಬೇಕಾಗಿ ಬಂದಾಗ, 1940ರಲ್ಲಿ ಆರಂಭವಾದ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಯೋಜನೆ ಈ ಕ್ರಮವನ್ನೇ ಅನುಸರಿಸಿತು. ಯುದ್ಧಾನಂತರ ಅದು ಜಪಾನಿಗೂ ಹೋಯಿತು. ಅಲ್ಲೆಲ್ಲ ಗುರು ಎದುರಿಗೆ ನಿಂತ ಮನುಷ್ಯನೇ ಆಗಿದ್ದನು.

ಗುರುವಿನ ಸ್ಥಾನಕ್ಕೆ ಕನ್ನಡಕ ಬಂದ ಕಥೆ ಬೋಯಿಂಗ್ ವಿಮಾನ ಕಂಪನಿಯದು. ವಿಮಾನದೊಳಗೆ ಸಾವಿರಾರು ತಂತಿಗಳು ನರಗಳಂತೆ ಹಬ್ಬಿರುತ್ತವೆ. ಅವನ್ನು ಮೊದಲು ಕಂತೆಗಳಾಗಿ ಕಟ್ಟಬೇಕು. ಅದಕ್ಕಾಗಿ ದೊಡ್ಡ ಪ್ಲೈವುಡ್ ಹಲಗೆಗಳ ಮೇಲೆ ಪೂರ್ಣ ಅಳತೆಯ ನಕ್ಷೆ ಅಂಟಿಸಿ, ಗೂಟಗಳನ್ನು ನೆಟ್ಟು, ಒಂದೊಂದೇ ತಂತಿಯನ್ನು ಎಳೆಯುತ್ತಿದ್ದರು. ಕಂತೆ ಬದಲಾದರೆ ಹಲಗೆಯೂ ಬದಲಾಗಬೇಕು. ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬ ಸಂಶೋಧಕರು ಯೋಚಿಸಿದ್ದು ಇಷ್ಟೇ: ಹಲಗೆ ಖಾಲಿಯಾಗಿರಲಿ, ತಂತಿಯ ದಾರಿಯನ್ನು ಕೆಲಸಗಾರನು ಧರಿಸಿದ ಪಾರದರ್ಶಕ ಪರದೆ ತೋರಿಸಲಿ. 1992ರ ಜನವರಿಯಲ್ಲಿ ಹವಾಯಿ ಸಮ್ಮೇಳನವೊಂದರಲ್ಲಿ ಅವರು ಇದನ್ನು ಮಂಡಿಸಿದರು. 'ಆಗ್ಮೆಂಟೆಡ್ ರಿಯಾಲಿಟಿ' ಎಂಬ ಹೆಸರು ಅವರದೇ ಕೊಡುಗೆ ಎನ್ನಲಾಗಿದೆ. ನಾವು ವರ್ಧಿತ ವಾಸ್ತವ ಎನ್ನಬಹುದು.

ಇಡೀ ಜಗತ್ತನ್ನು ಕೃತಕವಾಗಿ ಚಿತ್ರಿಸಬೇಕಿಲ್ಲ, ಕೆಲವೇ ಗೆರೆಗಳು ಸಾಕು ಎಂಬುದು ಇದರ ಅನುಕೂಲ. ಆದರೆ ತಲೆ ಅಲುಗಿದರೂ ಗೆರೆ ತನ್ನ ಜಾಗದಲ್ಲೇ ನಿಲ್ಲಬೇಕು, ಕಷ್ಟವಿರುವುದು ಅಲ್ಲಿಯೇ. 2003ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಆಟಿಕೆಯ ಇಟ್ಟಿಗೆಗಳನ್ನು ಜೋಡಿಸುವ ಪ್ರಯೋಗ ನಡೆಸಿ, ಸೂಚನೆಗಳನ್ನು ವಸ್ತುವಿನ ಮೇಲೆಯೇ ತೋರಿಸಿದಾಗ ತಪ್ಪುಗಳು ಶೇ. 82ರಷ್ಟು ಕಡಿಮೆಯಾದವೆಂದು ವರದಿ ಮಾಡಿದರು. ಬೋಯಿಂಗ್ ಗೂಗಲ್ ಗ್ಲಾಸ್ ಕನ್ನಡಕವನ್ನೂ ತಂತಿಕೆಲಸಕ್ಕೆ ಬಳಸಿತು, ಸಮಯ ಶೇ. 25ರಷ್ಟು ಉಳಿಯಿತೆಂದು 2016ರಲ್ಲಿ ಪ್ರಕಟವಾಯಿತು. ಆ ಕನ್ನಡಕದ ಮಾರಾಟ 2023ರಲ್ಲಿ ನಿಂತಿತು. ಮೈಕ್ರೋಸಾಫ್ಟಿನ ಹೋಲೋಲೆನ್ಸ್ ತಯಾರಿಕೆ 2024ರಲ್ಲಿ ಕೊನೆಗೊಂಡಿತು. ಉಪಕರಣಗಳು ಬರುತ್ತವೆ, ಹೋಗುತ್ತವೆ.

ಶಿಕ್ಷಕನಾಗಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕಾಪಿ ಪುಸ್ತಕದ ಚುಕ್ಕೆಗಳ ಮೇಲೆ ಬರೆಯುವ ಮಗುವಿನ ಅಕ್ಷರ ದುಂಡಾಗಿಯೇ ಇರುತ್ತದೆ. ಚುಕ್ಕೆಗಳಿಲ್ಲದ ಹಾಳೆಯಲ್ಲಿ ಬರೆದಾಗ ಮಾತ್ರ ಅದು ಕಲಿತಿದೆಯೇ ಎಂದು ತಿಳಿಯುತ್ತದೆ. ಕನ್ನಡಕವು ನಿರೂಪಣೆಯನ್ನೂ ಅನ್ವಯವನ್ನೂ ಒಂದಾಗಿಸಿದೆ, ಅದು ದೊಡ್ಡ ಸಾಧನೆ. ಆದರೆ ಆಲೆನ್ನನ ನಾಲ್ಕನೆಯ ಹಂತವಾದ ಪರೀಕ್ಷೆಗೆ ಕನ್ನಡಕವನ್ನು ತೆಗೆದಿಡಲೇಬೇಕು. ತೆಗೆದಿಡದಿದ್ದರೆ ಕೆಲಸ ಸರಿಯಾಗಿ ಮುಗಿದೀತು. ಕೆಲಸಗಾರನ ಕೈಯಲ್ಲಿ ವಿದ್ಯೆ ಉಳಿದಿದೆಯೋ ಇಲ್ಲವೋ ಎಂಬುದು ಅವನಿಗೂ ತಿಳಿಯದು. ತರಬೇತಿ ನೀಡುವ ಹುದ್ದೆಯಲ್ಲಿರುವ ನನ್ನ ಶಿಷ್ಯರು ಈ ಬಗ್ಗೆ ತಮ್ಮ ಅನುಭವ ಬರೆದು ತಿಳಿಸಿದರೆ ಸಂತೋಷಪಡುವೆನು.