ಪುನರುತ್ಥಾನದ ವಿಶ್ವಾಸ ಮತ್ತು ಧರ್ಮಕೇಂದ್ರದ ಭಕ್ತಿಜೀವನ: ಒಂದು ಸಮೀಕ್ಷೆ

ಶುಭಸಂದೇಶಗಳು ಬರವಣಿಗೆಗೆ ಇಳಿಯುವುದಕ್ಕೂ, ಹಬ್ಬಹುಣ್ಣಿಮೆಗಳ ಕ್ರಮವೊಂದು ರೂಪುಗೊಳ್ಳುವುದಕ್ಕೂ ಮೊದಲೇ ಕ್ರೈಸ್ತ ಸಮುದಾಯಗಳಲ್ಲಿ ನೆಲೆಯೂರಿದ್ದ ವಿಶ್ವಾಸವೆಂದರೆ, ಶಿಲುಬೆಯ ಮೇಲೆ ಮಡಿದ ಯೇಸುವನ್ನು ದೇವರು ಮೃತರೊಳಗಿಂದ ಎಬ್ಬಿಸಿದರೆಂಬುದು. ಮೊದಲ ಶತಮಾನದ ಐವತ್ತರ ದಶಕದಲ್ಲಿ ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಈ ವಿಶ್ವಾಸವನ್ನು ತಮ್ಮ ಸ್ವಂತ ಬೋಧನೆಯೆಂದು ಹೇಳಿಕೊಳ್ಳದೆ, ತಮಗಿಂತ ಹಿಂದಿನವರಿಂದ ಪಡೆದು ಒಪ್ಪಿಸಿಕೊಟ್ಟದ್ದೆಂದು ಸ್ಪಷ್ಟಪಡಿಸಿದ್ದಾರೆ. ಈ ವಿಶ್ವಾಸ ಕಥೋಲಿಕ ಧರ್ಮಕೇಂದ್ರದ, ಅಂದರೆ ಒಬ್ಬ ಗುರುವಿನ ಮೇಲ್ವಿಚಾರಣೆಯಲ್ಲಿ ಒಂದು ದೇವಾಲಯದ ಸುತ್ತ ಬಾಳುವ ಭಕ್ತಸಮುದಾಯದ, ದಿನನಿತ್ಯದ ಪ್ರಾರ್ಥನೆಯಲ್ಲಿ ಎಲ್ಲ ಕಾಲದಲ್ಲಿಯೂ ಒಂದೇ ಪ್ರಮಾಣದಲ್ಲಿ ಕಾಣಿಸಿಕೊಂಡಿಲ್ಲ. ಕೆಲವು ಶತಮಾನಗಳಲ್ಲಿ ಅದು ಆರಾಧನೆಯ ನಡುಮಧ್ಯದಲ್ಲಿತ್ತು, ಹಲವು ಶತಮಾನಗಳಲ್ಲಿ ಶಿಲುಬೆಯ ಹಿಂದೆ ಸರಿದಿತ್ತು, ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಮುಂದಕ್ಕೆ ಬಂತು. ಆದರೆ ಈ ಮರಳುವಿಕೆ ಇನ್ನೂ ಪೂರ್ಣಗೊಂಡಿಲ್ಲ ಎಂಬುದನ್ನು ಧರ್ಮಕೇಂದ್ರಗಳ ಇಂದಿನ ಸ್ಥಿತಿಯೇ ತೋರಿಸುತ್ತದೆ.

ಆದಿ ಕ್ರೈಸ್ತರಿಗೆ ಪುನರುತ್ಥಾನವು ವರ್ಷಕ್ಕೊಮ್ಮೆ ಬರುವ ಹಬ್ಬವಾಗುವುದಕ್ಕೆ ಮೊದಲು ವಾರಕ್ಕೊಮ್ಮೆ ಬರುವ ದಿನವಾಗಿತ್ತು. ಎರಡನೆಯ ಶತಮಾನದ ನಡುಭಾಗದಲ್ಲಿ ರೋಮ್‌ನಲ್ಲಿದ್ದ ಸಂತ ಜಸ್ಟಿನರು ಭಾನುವಾರದ ಸಭೆಯನ್ನು ವಿವರಿಸುತ್ತ, ಅಂದೇ ಯೇಸು ಎದ್ದುಬಂದದ್ದರಿಂದ ಎಲ್ಲರೂ ಅಂದು ಕೂಡುತ್ತಾರೆಂದು ಕಾರಣ ಕೊಡುತ್ತಾರೆ. ವಾರ್ಷಿಕ ಪಾಸ್ಕ ಹಬ್ಬದ ದಿನಾಂಕದ ಬಗ್ಗೆ ಅದೇ ಶತಮಾನದಲ್ಲಿ ಏಷ್ಯಾ ಮೈನರಿನ ಸಭೆಗಳಿಗೂ ರೋಮ್‌ಗೂ ತೀವ್ರವಾದ ಭಿನ್ನಾಭಿಪ್ರಾಯವಿತ್ತು. ಯೆಹೂದ್ಯರ ನಿಸಾನ್ ತಿಂಗಳ 14ನೆಯ ದಿನವನ್ನೇ ಹಿಡಿಯಬೇಕೆಂಬುದು ಒಂದು ಪಕ್ಷವಾದರೆ, ಭಾನುವಾರವೇ ಆಗಬೇಕೆಂಬುದು ಇನ್ನೊಂದು ಪಕ್ಷವಾಗಿತ್ತು. 325ರ ನೈಸಿಯಾ ಮಹಾಸಭೆಯು ಎಲ್ಲ ಸಭೆಗಳೂ ಒಂದೇ ಭಾನುವಾರ ಹಬ್ಬ ಮಾಡಬೇಕೆಂದು ತೀರ್ಮಾನಿಸಿತು. ಹಬ್ಬದ ಹೃದಯವೆಂದರೆ ಶನಿವಾರ ರಾತ್ರಿಯಿಡೀ ನಡೆಯುತ್ತಿದ್ದ ಜಾಗರಣೆ. ತಿಂಗಳುಗಟ್ಟಲೆ ಶಿಕ್ಷಣ ಪಡೆದ ವಯಸ್ಕರು ಆ ರಾತ್ರಿಯೇ ದೀಕ್ಷಾಸ್ನಾನ ಪಡೆಯುತ್ತಿದ್ದರು. ನೀರಿಗಿಳಿಯುವುದು ಕ್ರಿಸ್ತರೊಡನೆ ಸಾಯುವುದು, ನೀರಿನಿಂದ ಮೇಲೇಳುವುದು ಅವರೊಡನೆ ಎದ್ದುಬರುವುದು ಎಂಬ ಪೌಲರ ಬೋಧನೆ ಅಲ್ಲಿ ಕಣ್ಣಿಗೆ ಕಾಣುವ ಕ್ರಿಯೆಯಾಗುತ್ತಿತ್ತು. ಸಂತ ಆಗಸ್ಟೀನರು ಈ ರಾತ್ರಿಯನ್ನು ಎಲ್ಲ ಜಾಗರಣೆಗಳ ತಾಯಿಯೆಂದು ಕರೆದರು. ಎಜೀರಿಯ ಎಂಬ ಯಾತ್ರಿಕಳು ಸುಮಾರು 381ರಿಂದ 384ರವರೆಗೆ ಜೆರುಸಲೇಮಿನಲ್ಲಿದ್ದು ಬರೆದಿಟ್ಟ ವಿವರಗಳಿಂದ, ಪ್ರತಿ ಭಾನುವಾರ ನಸುಕಿನಲ್ಲಿ ಅಲ್ಲಿಯ ಧರ್ಮಾಧ್ಯಕ್ಷರು ಸಮಾಧಿಯ ಗುಹೆಯ ಬಳಿ ನಿಂತು ಪುನರುತ್ಥಾನದ ವೃತ್ತಾಂತವನ್ನು ಓದುತ್ತಿದ್ದರೆಂದೂ, ಜನ ಅದನ್ನು ಕೇಳಿ ಅಳುತ್ತಿದ್ದರೆಂದೂ ತಿಳಿಯುತ್ತದೆ.

ಮಧ್ಯಯುಗದಲ್ಲಿ ಈ ಚಿತ್ರ ಬದಲಾಯಿತು, ಮತ್ತು ಬದಲಾವಣೆಯ ಕಾರಣಗಳು ಬಹುಮಟ್ಟಿಗೆ ವ್ಯಾವಹಾರಿಕವಾದವು. ಹಸುಗೂಸುಗಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನ ಕೊಡುವುದು ರೂಢಿಯಾದ ಮೇಲೆ ಜಾಗರಣೆಯಲ್ಲಿ ನೀರಿಗಿಳಿಯುವವರೇ ಇಲ್ಲವಾದರು. ಉಪವಾಸವನ್ನು ಬೇಗ ಮುಗಿಸುವ ಒತ್ತಡದಿಂದ ರಾತ್ರಿಯ ವಿಧಿ ಸಂಜೆಗೆ, ಸಂಜೆಯಿಂದ ಮಧ್ಯಾಹ್ನಕ್ಕೆ ಜಾರಿತು. ಐದನೆಯ ಪಿಯುಸ್ ಪೋಪರು 1566ರಲ್ಲಿ ಮಧ್ಯಾಹ್ನದ ನಂತರದ ಬಲಿಪೂಜೆಯನ್ನು ನಿಷೇಧಿಸಿದಾಗ ಪಾಸ್ಕ ಜಾಗರಣೆ ಶನಿವಾರ ಬೆಳಗಿನ ವಿಧಿಯಾಗಿ ಉಳಿಯಿತು, ಮತ್ತು 1642ರಲ್ಲಿ ಎಂಟನೆಯ ಅರ್ಬನ್ ಪೋಪರು ಕಡ್ಡಾಯ ಹಬ್ಬಗಳ ಸಂಖ್ಯೆಯನ್ನು ಕಡಿಮೆ ಮಾಡಿದ ಬಳಿಕ ಆ ಶನಿವಾರ ಕೆಲಸದ ದಿನವಾಗಿಬಿಟ್ಟಿತು. ಕತ್ತಲೆಯನ್ನು ಸೀಳುವ ಬೆಳಕಿನ ಸ್ತುತಿಯನ್ನು ಗುರುಗಳು ಹಗಲು ಬೆಳಕಿನಲ್ಲಿ, ಖಾಲಿ ಪೀಠಗಳೆದುರು, ಲತೀನಿನಲ್ಲಿ ಹಾಡುವಂತಾಯಿತು. ಮೂರು ಶತಮಾನಗಳಿಗೂ ಹೆಚ್ಚು ಕಾಲ ಸಾಮಾನ್ಯ ಭಕ್ತರು ತಮ್ಮ ಧರ್ಮದ ಅತಿ ಮುಖ್ಯವಾದ ಆರಾಧನೆಯನ್ನು ಕಂಡವರೇ ಅಲ್ಲ ಎಂಬುದು ನೋವಿನ ಸಂಗತಿ.

ತೆರವಾದ ಆ ಜಾಗವನ್ನು ಶಿಲುಬೆಯ ಭಕ್ತಿ ತುಂಬಿತು. ಪವಿತ್ರ ನಾಡಿನ ಯಾತ್ರಾಸ್ಥಳಗಳನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಶಿಲುಬೆ ಹಾದಿಯ ಪ್ರಾರ್ಥನೆಯನ್ನು ಯುರೋಪಿನ ಊರೂರಿಗೂ ಒಯ್ದರು, 1731ರಲ್ಲಿ ಹನ್ನೆರಡನೆಯ ಕ್ಲೆಮೆಂಟ್ ಪೋಪರು ಅದರ ಸ್ಥಳಗಳನ್ನು 14 ಎಂದು ನಿಗದಿಗೊಳಿಸಿದರು. ಹದಿನಾಲ್ಕನೆಯ ಸ್ಥಳದಲ್ಲಿ ಯೇಸುವಿನ ದೇಹವನ್ನು ಸಮಾಧಿಯಲ್ಲಿಡಲಾಗುತ್ತದೆ, ಪ್ರಾರ್ಥನೆ ಅಲ್ಲಿಗೇ ಮುಗಿಯುತ್ತದೆ. ಸಾವಿನ ಪೂಜೆಯಲ್ಲಿಯೂ ಕಪ್ಪು ಉಡುಪು, ಅಂತಿಮ ತೀರ್ಪಿನ ಭಯವನ್ನು ಚಿತ್ರಿಸುವ ಲತೀನ್ ಗೀತೆ, ಶುದ್ಧೀಕರಣ ಸ್ಥಿತಿಯಲ್ಲಿರುವ ಆತ್ಮಗಳ ಚಿಂತೆ ಮೇಲುಗೈ ಪಡೆದವು. ಆದರೂ ಪುನರುತ್ಥಾನ ಮರೆತುಹೋಯಿತೆಂದು ಹೇಳುವುದು ತಪ್ಪಾದೀತು. ಜಪಸರದ ಮಹಿಮೆಯ ರಹಸ್ಯಗಳಲ್ಲಿ ಮೊದಲನೆಯದು ಪುನರುತ್ಥಾನವೇ ಆಗಿತ್ತು. ಪಾಸ್ಕ ಕಾಲದಲ್ಲಿ ತ್ರಿಕಾಲ ಪ್ರಾರ್ಥನೆಯ ಬದಲು ಸ್ವರ್ಗದ ರಾಣಿಗೆ ಆನಂದಿಸೆಂದು ಹೇಳುವ ಪ್ರಾರ್ಥನೆ ಸಲ್ಲುತ್ತಿತ್ತು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯ ನಿಯಮದಂತೆ ಪ್ರತಿಯೊಬ್ಬ ಭಕ್ತನೂ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಿ ಪಾಸ್ಕ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಲೇಬೇಕಾಗಿತ್ತು. ಫಿಲಿಪೀನ್ಸಿನಲ್ಲಿ ಇಂದಿಗೂ ಪಾಸ್ಕದ ನಸುಕಿನಲ್ಲಿ ಎದ್ದ ಯೇಸುವಿನ ಪ್ರತಿಮೆಯೂ ಕಪ್ಪು ಮುಸುಕಿನ ಮಾತೆಯ ಪ್ರತಿಮೆಯೂ ಬೇರೆಬೇರೆ ಬೀದಿಗಳಿಂದ ಬಂದು ಸಂಧಿಸುವ ಮೆರವಣಿಗೆ ನಡೆಯುತ್ತದೆ. ಗುಡಿಯೊಳಗಿನ ವಿಧಿ ತಮ್ಮ ಕೈಗೆ ಎಟುಕದಿದ್ದಾಗ ಜನ ಹೊರಗಿನ ಬೀದಿಯಲ್ಲಿ ತಮ್ಮದೇ ಪಾಸ್ಕವನ್ನು ಕಟ್ಟಿಕೊಂಡರು.

ಭಾರತದ ಪಶ್ಚಿಮ ಕರಾವಳಿಗೆ ಕಥೋಲಿಕ ಭಕ್ತಿ ಬಂದದ್ದು ಈ ಮಧ್ಯಯುಗೋತ್ತರ ರೂಪದಲ್ಲಿಯೇ. ಹಾಗಿದ್ದರೂ ಜೆಸ್ವಿತ ಗುರು ಥಾಮಸ್ ಸ್ಟೀಫನ್ಸ್ ಮರಾಠಿ ಓವಿ ಛಂದಸ್ಸಿನಲ್ಲಿ ರಚಿಸಿ 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಕ್ರಿಸ್ತಪುರಾಣವು ಯೇಸುವಿನ ಕಥೆಯನ್ನು ಶಿಲುಬೆಗೆ ನಿಲ್ಲಿಸದೆ ಪುನರುತ್ಥಾನ, ಸ್ವರ್ಗಾರೋಹಣಗಳವರೆಗೂ ಕೊಂಡೊಯ್ಯುತ್ತದೆ. ಕೆನರಾದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಇದರ ಪಠನ ನಡೆಯುತ್ತಿತ್ತು, ಮತ್ತು 1907ರಲ್ಲಿ ಮಂಗಳೂರಿನಲ್ಲಿಯೇ ಇದರ ಹೊಸ ಮುದ್ರಣ ಹೊರಬಂತು. ಪುರಾಣಶ್ರವಣದ ದೇಶೀಯ ಪರಂಪರೆಯು ಲತೀನ್ ವಿಧಿಯಿಂದ ದೂರವಾಗಿದ್ದ ಭಕ್ತರಿಗೆ ಇಡೀ ಕಥೆಯನ್ನು ತಲುಪಿಸಿತೆಂಬುದು ಗಮನಾರ್ಹ. ಹಳೆಯ ಮೈಸೂರು ಸೀಮೆಯಲ್ಲಿ ಕನಕಪುರದ ಹಾರೋಬೆಲೆಯಂಥ ಊರುಗಳು ಯೇಸುವಿನ ಪಾಡುಮರಣದ ನಾಟಕದಿಂದ ಹೆಸರಾಗಿವೆ. ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಊರಿಗೆ ಊರೇ ಈ ನಾಟಕದಲ್ಲಿ ತೊಡಗುತ್ತದೆ.

ತಿದ್ದುಪಡಿಯ ಚಿಂತನೆ ಹುಟ್ಟಿದ್ದು ಯುರೋಪಿನ ಮಠಗಳಲ್ಲಿ. 1909ರಲ್ಲಿ ಬೆಲ್ಜಿಯಮ್ಮಿನ ಲ್ಯಾಂಬರ್ಟ್ ಬೊದುಆನ್ ಎಂಬ ಸಂನ್ಯಾಸಿ, ಆರಾಧನೆಯಲ್ಲಿ ಭಕ್ತರು ನೋಟಕರಾಗದೆ ಪಾಲುಗಾರರಾಗಬೇಕೆಂದು ವಾದಿಸಿದಲ್ಲಿಂದ ದೈವಾರಾಧನಾ ಚಳವಳಿ ಬಲಪಡೆಯಿತು. ಜರ್ಮನಿಯ ಓಡೋ ಕಾಸೆಲ್, ಆರಾಧನೆಯಲ್ಲಿ ಕ್ರಿಸ್ತರ ಮರಣ ಪುನರುತ್ಥಾನಗಳು ನೆನಪಾಗಿ ಮಾತ್ರವಲ್ಲದೆ ಸಾನ್ನಿಧ್ಯವಾಗಿ ಇರುತ್ತವೆಂದು ಪ್ರತಿಪಾದಿಸಿದರು. 1950ರಲ್ಲಿ ಫ್ರಾನ್ಸಿನ ಎಫ್. ಎಕ್ಸ್. ದ್ಯುರ್‌ವೆಲ್ ಬರೆದ ಗ್ರಂಥವು ದೈವಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಪುನರುತ್ಥಾನವನ್ನು ಯೇಸುವಿನ ದೈವತ್ವಕ್ಕೊಂದು ಸಾಕ್ಷ್ಯವೆಂದಷ್ಟೇ ಪಠ್ಯಪುಸ್ತಕಗಳು ಕಲಿಸುತ್ತಿದ್ದ ಕಾಲದಲ್ಲಿ, ಅದು ಮನುಷ್ಯರ ರಕ್ಷಣೆಯ ಕಾರ್ಯವೇ ಎಂದು ಅವರು ತೋರಿಸಿಕೊಟ್ಟರು. ಮರುವರ್ಷ, 1951ರಲ್ಲಿ, ಹನ್ನೆರಡನೆಯ ಪಿಯುಸ್ ಪೋಪರು ಪಾಸ್ಕ ಜಾಗರಣೆಯನ್ನು ರಾತ್ರಿಯಲ್ಲಿ ನಡೆಸಲು ಪ್ರಾಯೋಗಿಕವಾಗಿ ಅನುಮತಿಸಿದರು, 1955ರ ಆಜ್ಞೆಯ ಮೂಲಕ ಪವಿತ್ರ ವಾರದ ಎಲ್ಲ ವಿಧಿಗಳನ್ನೂ ಪುನರ್‌ರಚಿಸಿದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವು ಪಾಸ್ಕ ರಹಸ್ಯವನ್ನು, ಅಂದರೆ ಕ್ರಿಸ್ತರ ಪಾಡು, ಮರಣ, ಪುನರುತ್ಥಾನ, ಮಹಿಮಾಪ್ರವೇಶ ಇವೆಲ್ಲ ಸೇರಿದ ಒಂದೇ ಘಟನೆಯನ್ನು, ಸಮಸ್ತ ಆರಾಧನೆಯ ಬುನಾದಿಯಾಗಿ ಇಟ್ಟಿತು.

ಇಂದಿನ ಜಾಗರಣೆಯ ರಚನೆಯನ್ನು ಹತ್ತಿರದಿಂದ ನೋಡಿದರೆ ಈ ಸುಧಾರಣೆಯ ಬೆಲೆ ತಿಳಿಯುತ್ತದೆ. ಕತ್ತಲಾದ ಮೇಲೆ ದೇವಾಲಯದ ಹೊರಗೆ ಹೊಸ ಬೆಂಕಿಯನ್ನು ಹೊತ್ತಿಸಿ ಆಶೀರ್ವದಿಸಲಾಗುತ್ತದೆ. ಎತ್ತರವಾದ ಪಾಸ್ಕ ಮೇಣದಬತ್ತಿಯ ಮೇಲೆ ಗುರುಗಳು ಶಿಲುಬೆಯನ್ನೂ, ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳನ್ನೂ, ನಡೆಯುತ್ತಿರುವ ವರ್ಷದ ನಾಲ್ಕು ಅಂಕಿಗಳನ್ನೂ ಕೊರೆದು, ಐದು ಗಾಯಗಳ ಗುರುತಾಗಿ ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಆ ಒಂದೇ ಬತ್ತಿಯ ಬೆಳಕು ಕತ್ತಲೆ ಕವಿದ ದೇವಾಲಯವನ್ನು ಪ್ರವೇಶಿಸಿ, ಮೂರು ಕಡೆ ನಿಂತು, ಭಕ್ತರ ಕೈಯ ಸಣ್ಣ ಬತ್ತಿಗಳಿಗೆ ಹರಡುತ್ತದೆ. ಬಳಿಕ ಹಳೆಯ ಒಡಂಬಡಿಕೆಯಿಂದ ಏಳು, ಹೊಸ ಒಡಂಬಡಿಕೆಯಿಂದ ಎರಡು ವಾಚನಗಳಿವೆ. ಸಮಯದ ಅನುಕೂಲಕ್ಕೆ ಕೆಲವನ್ನು ಬಿಡಬಹುದಾದರೂ, ಇಸ್ರಯೇಲರು ಕೆಂಪು ಸಮುದ್ರ ದಾಟಿದ ವೃತ್ತಾಂತವನ್ನು ಬಿಡುವಂತಿಲ್ಲ. ಗುರುವಾರದಿಂದ ಮೂಕವಾಗಿದ್ದ ಗಂಟೆಗಳು ಮಹಿಮೆಯ ಗೀತೆಯೊಡನೆ ಮೊಳಗುತ್ತವೆ, ತಪಸ್ಸುಕಾಲದ ಉದ್ದಕ್ಕೂ ಹಾಡದಿದ್ದ ಅಲ್ಲೆಲೂಯ ಮರಳುತ್ತದೆ. ನೀರನ್ನು ಆಶೀರ್ವದಿಸುವಾಗ ಪಾಸ್ಕ ಬತ್ತಿಯನ್ನು ನೀರಿಗಿಳಿಸಿ ಎತ್ತುವ ಪದ್ಧತಿಯಿದೆ. ಆಮೇಲೆ ಎಲ್ಲರೂ ಬತ್ತಿ ಹಿಡಿದು ನಿಂತು ತಮ್ಮ ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸುತ್ತಾರೆ, ಆ ನೀರನ್ನು ಬಾಟಲಿಗಳಲ್ಲಿ ತುಂಬಿಸಿಕೊಂಡು ಮನೆಗೂ ಒಯ್ಯುತ್ತಾರೆ. 1972ರಲ್ಲಿ ವಯಸ್ಕರ ದೀಕ್ಷಾವಿಧಿಯ ಹಳೆಯ ಕ್ರಮ ಮರುಸ್ಥಾಪನೆಯಾದ ಮೇಲೆ, ಹೊಸದಾಗಿ ವಿಶ್ವಾಸಕ್ಕೆ ಬಂದವರು ಇದೇ ರಾತ್ರಿ ದೀಕ್ಷೆ ಪಡೆಯುವುದು ಮತ್ತೆ ಸಾಧ್ಯವಾಯಿತು.

ಮಹಾಸಭೆಯ ನಂತರ ಕರ್ನಾಟಕದ ಧರ್ಮಕೇಂದ್ರಗಳಲ್ಲಿ ಪೂಜೆ ಕನ್ನಡ, ಕೊಂಕಣಿ, ತಮಿಳು ಮೊದಲಾದ ಭಾಷೆಗಳಿಗೆ ಬಂತು. 1967ರಲ್ಲಿ ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವು ಭಾರತೀಯ ರೂಪದ ಆರಾಧನೆಗೆ ದಾರಿ ತೋರಿತು, 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಿಂದಾಗಿ ಅಂಜಲಿ, ಆರತಿ, ಎಣ್ಣೆದೀಪಗಳು ಪೂಜೆಯೊಳಗೆ ಬಂದವು. ಹಲವು ಭಾಷಿಕರು ಸೇರಿರುವ ನಗರದ ಧರ್ಮಕೇಂದ್ರಕ್ಕೆ ಪಾಸ್ಕ ಜಾಗರಣೆ ಒಂದು ಪರೀಕ್ಷೆಯೇ ಸರಿ. ಭಾನುವಾರ ಪ್ರತಿ ಭಾಷೆಗೂ ಪ್ರತ್ಯೇಕ ಪೂಜೆ ಇಡಬಹುದು, ಆದರೆ 1988ರಲ್ಲಿ ರೋಮ್ ಹೊರಡಿಸಿದ ಸುತ್ತೋಲೆಯು ಬೇರೆಬೇರೆ ಗುಂಪುಗಳು ಜಾಗರಣೆಗೆ ಒಂದೆಡೆ ಸೇರಬೇಕೆಂದು ಬಯಸುತ್ತದೆ. ಸಂಜೆಯ ಬೆಳಕಿರುವಾಗಲೇ ಜಾಗರಣೆ ಮುಗಿಸಿಬಿಡುವ ಅಭ್ಯಾಸವನ್ನು ಅದೇ ಸುತ್ತೋಲೆ ಖಂಡಿಸಿದೆ. ವಾಚನಗಳನ್ನೂ ಹಾಡುಗಳನ್ನೂ ಭಾಷೆಗಳ ನಡುವೆ ಹಂಚಿಕೊಂಡು ಒಂದೇ ಬೆಂಕಿಯ ಸುತ್ತ ನಿಲ್ಲುವ ಧರ್ಮಕೇಂದ್ರ, ಪುನರುತ್ಥಾನದ ಅರ್ಥವನ್ನು ಯಾವ ಪ್ರವಚನಕ್ಕಿಂತಲೂ ಚೆನ್ನಾಗಿ ಸಾರುತ್ತದೆ.

ಈ ವಿಶ್ವಾಸಕ್ಕೆ ನಿಜವಾದ ಒರೆಗಲ್ಲು ಸಾವಿನ ಮನೆ. 1969ರ ಹೊಸ ಅಂತ್ಯಸಂಸ್ಕಾರ ವಿಧಿಯು ಕ್ರೈಸ್ತ ಮರಣದ ಪಾಸ್ಕ ಸ್ವರೂಪವನ್ನು ಎತ್ತಿಹಿಡಿಯಬೇಕೆಂಬ ಮಹಾಸಭೆಯ ಸೂಚನೆಯನ್ನು ಪಾಲಿಸಿತು. ತೀರ್ಪಿನ ಭಯದ ಗೀತೆ ಪೂಜೆಯಿಂದ ಹೊರಹೋಯಿತು, ಕಪ್ಪು ಉಡುಪಿನ ಜಾಗಕ್ಕೆ ನೇರಳೆಯೋ ಬಿಳಿಯೋ ಬಂತು, ಅಲ್ಲೆಲೂಯ ಸಾವಿನ ಪೂಜೆಯಲ್ಲಿಯೂ ಕೇಳಿಸಿತು. ಶವಪೆಟ್ಟಿಗೆಯ ಬಳಿ ಉರಿಯುವುದು ಜಾಗರಣೆಯ ರಾತ್ರಿ ಹೊತ್ತಿಸಿದ ಅದೇ ಪಾಸ್ಕ ಬತ್ತಿ, ಪೆಟ್ಟಿಗೆಯ ಮೇಲೆ ಚಿಮುಕಿಸುವುದು ದೀಕ್ಷಾಸ್ನಾನವನ್ನು ನೆನಪಿಸುವ ನೀರು. ದಹನ ಸಂಸ್ಕಾರವನ್ನು 1886ರಲ್ಲಿ ನಿಷೇಧಿಸಿದ್ದ ರೋಮ್, ಪುನರುತ್ಥಾನವನ್ನು ಅಲ್ಲಗಳೆಯುವ ಉದ್ದೇಶ ಇಲ್ಲದಿದ್ದರೆ ಅದಕ್ಕೆ ಅಡ್ಡಿಯಿಲ್ಲವೆಂದು 1963ರಲ್ಲಿ ಒಪ್ಪಿತು. 2016ರ ದಾಖಲೆಯು ಹೂಳುವುದನ್ನೇ ಮೇಲಾದ ಪದ್ಧತಿಯೆಂದು ಪುನರುಚ್ಚರಿಸಿ, ಚಿತಾಭಸ್ಮವನ್ನು ಚೆಲ್ಲಬಾರದು, ಪವಿತ್ರ ಸ್ಥಳದಲ್ಲಿ ಇಡಬೇಕು ಎಂದಿತು. ಅಸ್ಥಿಯನ್ನು ಹೊಳೆಯಲ್ಲಿ ಬಿಡುವುದು ರೂಢಿಯಾಗಿರುವ ನಾಡಿನಲ್ಲಿ, ಜಾಗದ ಇಕ್ಕಟ್ಟಿರುವ ನಗರಗಳಲ್ಲಿ, ಈ ನಿಯಮದ ಹಿಂದಿರುವ ದೇಹದ ಗೌರವವನ್ನು ಗುರುಗಳು ತಾಳ್ಮೆಯಿಂದ ವಿವರಿಸಬೇಕಾಗುತ್ತದೆ. ಪ್ರತಿ ವರ್ಷ ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ಕುಟುಂಬಗಳಿಗೆ ಅದು ಬೇಗ ಅರ್ಥವಾಗುತ್ತದೆ.

ಉಳಿದಿರುವ ಕೊರತೆ ಜಾಗರಣೆಯ ಮರುದಿನದಿಂದ ಆರಂಭವಾಗುತ್ತದೆ. ಧರ್ಮಸಭೆಯ ಕ್ರಮದಲ್ಲಿ ತಪಸ್ಸುಕಾಲ ನಲವತ್ತು ದಿನವಾದರೆ ಪಾಸ್ಕ ಕಾಲ ಪಂಚಾಶತ್ತಮ ಹಬ್ಬದವರೆಗೆ ಐವತ್ತು ದಿನ. ಆದರೆ ಧರ್ಮಕೇಂದ್ರಗಳ ಚಟುವಟಿಕೆಯ ತೂಕವೆಲ್ಲ ಮೊದಲ ನಲವತ್ತಕ್ಕೇ ಸಲ್ಲುತ್ತದೆ. ಶುಕ್ರವಾರಗಳ ಶಿಲುಬೆ ಹಾದಿ, ಧ್ಯಾನಕೂಟ, ಉಪವಾಸ, ದಾನ ಎಲ್ಲವೂ ಅಲ್ಲಿವೆ. ಪಾಸ್ಕ ಭಾನುವಾರ ಮುಗಿಯುತ್ತಲೇ ಬೇಸಿಗೆ ರಜೆಯ ಮದುವೆ, ಪ್ರಯಾಣಗಳಲ್ಲಿ ಐವತ್ತು ದಿನಗಳು ಕರಗಿಹೋಗುತ್ತವೆ. 2000ದಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಪಾಸ್ಕದ ಎರಡನೆಯ ಭಾನುವಾರವನ್ನು ದೈವಕರುಣೆಯ ಭಾನುವಾರವೆಂದು ಹೆಸರಿಸಿದ್ದರಿಂದ ಕನಿಷ್ಠ ಆ ವಾರವಾದರೂ ಜನರ ಭಕ್ತಿಗೆ ನೆಲೆ ಸಿಕ್ಕಿದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಸಲೇಶಿಯನ್ನರ ನಡುವೆ ಮೂಡಿದ, ಖಾಲಿ ಸಮಾಧಿಯಿಂದ ಪವಿತ್ರಾತ್ಮರ ಆಗಮನದವರೆಗಿನ 14 ಘಟನೆಗಳನ್ನು ಧ್ಯಾನಿಸುವ ಬೆಳಕಿನ ಹಾದಿ ಎಂಬ ಪ್ರಾರ್ಥನೆಯನ್ನು ಜನಪದ ಭಕ್ತಿಯ ಕುರಿತ ವ್ಯಾಟಿಕನ್ ಮಾರ್ಗದರ್ಶಿ 2001ರಲ್ಲಿ ಶಿಫಾರಸು ಮಾಡಿದೆ. ಶಿಲುಬೆ ಹಾದಿಗಿರುವ ಜನಾದರ ಮಾತ್ರ ಅದಕ್ಕೆ ಬಂದಿಲ್ಲ.

ಶಿಲುಬೆಯ ಭಕ್ತಿಯನ್ನು ಕುಗ್ಗಿಸುವುದು ಇದಕ್ಕೆ ಪರಿಹಾರವಲ್ಲ. ದುಡಿದು ಬಳಲಿದ, ಸೋತ, ಕಳೆದುಕೊಂಡ ಜನ ಪಾಡುಪಟ್ಟ ಯೇಸುವಿನಲ್ಲಿ ತಮ್ಮವರನ್ನು ಕಂಡಿದ್ದಾರೆ, ಆ ಸಂಬಂಧವನ್ನು ಕಡಿಯುವ ಹಕ್ಕು ಯಾರಿಗೂ ಇಲ್ಲ. ಬೇಕಾಗಿರುವುದು ಅದೇ ಜನರನ್ನು ಹದಿನಾಲ್ಕನೆಯ ಸ್ಥಳದಿಂದ ಮುಂದಕ್ಕೆ ಕೈಹಿಡಿದು ನಡೆಸುವ ಕೆಲಸ. ಮುಂದಿನ ವರ್ಷದ ತಪಸ್ಸುಕಾಲಕ್ಕೆ ಕಾರ್ಯಕ್ರಮ ಪಟ್ಟಿ ಬರೆಯಲು ಕೂರುವ ಪ್ರತಿ ಧರ್ಮಕೇಂದ್ರದ ಪಾಲನಾ ಪರಿಷತ್ತೂ ಅದೇ ಹಾಳೆಯಲ್ಲಿ ಪಾಸ್ಕದ ಐವತ್ತು ದಿನಗಳಿಗೂ ಜಾಗ ಬಿಡಲಿ. ವಾರ್ಡುಗಳ ಕಿರು ಕ್ರೈಸ್ತ ಸಮುದಾಯಗಳು ಬೆಳಕಿನ ಹಾದಿಯನ್ನು ಮನೆಮನೆಯಲ್ಲಿ ನಡೆಸಲಿ, ಆ ವರ್ಷ ಸಾವು ಕಂಡ ಮನೆಗಳಿಗೆ ಪಾಸ್ಕದ ನೀರಿನೊಡನೆ ಗುರುಗಳೂ ಭಕ್ತರೂ ಮೊದಲು ಹೋಗಿಬರಲಿ.