ಗಾಂಧೀಜಿಯ ಕಿವಿಗೆ ಇಂಪೆನಿಸಿದ ಜುಲು ನುಡಿ

1923ರ ನವೆಂಬರ್‌ನಲ್ಲಿ ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸವನ್ನು ಬರೆಸತೊಡಗಿದರು. ಪುಸ್ತಕ ಗುಜರಾತಿಯದು. ಹೋರಾಟದ ಕಥೆಗೆ ಮೊದಲು ಆ ನಾಡಿನ ಜನರ ಪರಿಚಯ ಬರುತ್ತದೆ. ಜುಲು ಭಾಷೆ ಬಲು ಮಧುರ, ಅದರ ಹೆಚ್ಚಿನ ಪದಗಳು ‘ಆ’ಕಾರದಲ್ಲಿ ಮುಗಿಯುವುದರಿಂದ ಕಿವಿಗೆ ಹಿತ ಎಂಬ ಅರ್ಥದ ಮಾತು ಅಲ್ಲಿದೆ. ಎರಡು ದಶಕ ಆ ನೆಲದಲ್ಲಿ ಕಳೆದ ಗುಜರಾತಿಯೊಬ್ಬನ ಕಿವಿ ಹಿಡಿದ ಈ ಗುಣ ಭಾಷಾಶಾಸ್ತ್ರಕ್ಕೂ ಬಹುಮಟ್ಟಿಗೆ ಒಪ್ಪುವಂಥದ್ದೇ.

ಜುಲುವಿನಲ್ಲಿ ಪದಗಳು ಸ್ವರದಲ್ಲೇ ಮುಗಿಯಬೇಕು. ಇಂಗ್ಲಿಷಿನ ಬಸ್ ಅಲ್ಲಿ ‘ಇಭಾಸಿ’, ಸ್ಕೂಲ್ ‘ಇಸಿಕೋಲೆ’. ಬಸ್ಸು, ಸ್ಕೂಲು ಎನ್ನುವ ಕನ್ನಡಿಗರಿಗೆ ಇದು ಹೊಸದೇನಲ್ಲ. ಗುಜರಾತಿಯ ಜಾಯಮಾನ ಬೇರೆ. ಅಲ್ಲಿ ಘರ್, ಹಾಥ್, ಕಾಮ್ ಎಂದು ಪದಗಳು ವ್ಯಂಜನದಲ್ಲಿ ನಿಂತುಬಿಡುತ್ತವೆ. ಅಂಥ ಮಾತಿಗೆ ಒಗ್ಗಿದವರಿಗೆ ಜುಲು ಹಾಡಿದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ. ಗುಜರಾತಿ ಸಂಸ್ಕೃತ ಮೂಲದ ಇಂಡೋ-ಆರ್ಯನ್ ನುಡಿ. 2011ರ ಜನಗಣತಿಯಂತೆ ಭಾರತದಲ್ಲಿ ಸುಮಾರು ಐದೂವರೆ ಕೋಟಿ ಜನರ ತಾಯ್ನುಡಿ. ಜುಲು ಬಾಂಟು ಕುಟುಂಬದ್ದು. 2022ರ ಗಣತಿಯಲ್ಲಿ ದಕ್ಷಿಣ ಆಫ್ರಿಕದ ಸುಮಾರು ಕಾಲುಭಾಗ ಜನರ ಮನೆಮಾತು. ಆದರೂ ಇವೆರಡರಲ್ಲಿ ಒಂದು ಹೋಲಿಕೆ ಕುತೂಹಲಕರ. ಗುಜರಾತಿಯಲ್ಲಿ ನಾಮಪದದ ಲಿಂಗಕ್ಕೆ ತಕ್ಕಂತೆ ವಿಶೇಷಣ ಬದಲಾಗುತ್ತದೆ: ಮೋಟೋ ಛೋಕರೋ, ಮೋಟೀ ಛೋಕರೀ, ಮೋಟುಂ ಛೋಕರುಂ. ಕನ್ನಡದ ‘ದೊಡ್ಡ’ ಹುಡುಗನಿಗೂ ಒಂದೇ, ಹುಡುಗಿಗೂ ಒಂದೇ. ಜುಲುವಿನಲ್ಲಿ ಹೆಣ್ಣು-ಗಂಡೆಂಬ ಲಿಂಗವಿಲ್ಲ. ಬದಲಿಗೆ ನಾಮಪದಗಳಿಗೆ ಹದಿನೈದರಷ್ಟು ವರ್ಗಗಳಿವೆ. ವರ್ಗದ ಗುರುತು ಪದದ ಮುಂದೆ ಅಂಟಿಕೊಂಡು ಇಡೀ ವಾಕ್ಯದಲ್ಲಿ ಮರುಕಳಿಸುತ್ತದೆ. ‘ಅಬಾಂಟು ಅಬಾಖುಲು ಬಯಾಹಾಂಬಾ’ ಎಂದರೆ ದೊಡ್ಡವರು ಹೋಗುತ್ತಿದ್ದಾರೆ. ಹೋಗುವುದು ದೊಡ್ಡ ನಾಯಿಗಳಾದರೆ ‘ಇಜಿನ್‌ಜಾ ಎಜಿನ್‌ಕುಲು ಜಿಯಾಹಾಂಬಾ’. ಗುಜರಾತಿ ಪದದ ಬಾಲದಲ್ಲಿ ಮಾಡುವ ಕೆಲಸವನ್ನು ಜುಲು ತಲೆಯಲ್ಲಿ ಮಾಡುತ್ತದೆ.

ಉಚ್ಚಾರದಲ್ಲಿ ಮಾತ್ರ ಭಾರತೀಯರ ನಾಲಗೆ ತೊಡರುತ್ತದೆ. ‘ಅಯ್ಯೋ ಪಾಪ’ ಎನ್ನುವಾಗ ನಾವು ಲೊಚಗುಟ್ಟುತ್ತೇವಲ್ಲ, ಅದು ಜುಲುವಿನಲ್ಲಿ ವ್ಯಂಜನ. ಕೆನ್ನೆಯ ಪಕ್ಕದಿಂದ ಹೊರಡಿಸುವ ಸದ್ದು ಇನ್ನೊಂದು, ಬಾಟಲಿಯ ಬಿರಡೆ ಕಿತ್ತಂಥದ್ದು ಮತ್ತೊಂದು. ಈ ಮೂರೂ ಖೋಯ್ ಮತ್ತು ಸಾನ್ ಜನರ ನುಡಿಗಳಿಂದ ಬಂದವು.

ಕಾಲದ ಲೆಕ್ಕದಲ್ಲಿ ಅಚ್ಚಿನ ಲೋಕಕ್ಕೆ ಗುಜರಾತಿ ಮೊದಲು ಬಂತು. ‘ಮುಂಬೈ ಸಮಾಚಾರ್’ ಆರಂಭವಾದದ್ದು 1822ರಲ್ಲಿ. ಜುಲುವಿಗೆ ರೋಮನ್ ಲಿಪಿ ತೊಡಿಸಿದವರು ಕ್ರೈಸ್ತ ಮಿಷನರಿಗಳು. ಬಿಷಪ್ ಕೊಲೆಂಜೋ ಅವರ ನಿಘಂಟು 1861ರದು. ಎರಡು ಭಾಷೆಗಳೂ ಅಕ್ಕಪಕ್ಕದಲ್ಲಿ ಅಚ್ಚಿಗೆ ಹೋದದ್ದು 1903ರಲ್ಲಿ, ಡರ್ಬನ್ ನಗರದಲ್ಲಿ. ಆ ಏಪ್ರಿಲ್‌ನಲ್ಲಿ ಜಾನ್ ಡುಬೆ ಅವರ ‘ಇಲಾಂಗಾ ಲಾಸೆ ನಟಾಲ್’, ಅಂದರೆ ನಟಾಲಿನ ಸೂರ್ಯ, ಜುಲು ಹಾಗೂ ಇಂಗ್ಲಿಷಿನಲ್ಲಿ ಹೊರಬಂತು. ಜೂನ್‌ನಲ್ಲಿ ‘ಇಂಡಿಯನ್ ಒಪಿನಿಯನ್’ ಗುಜರಾತಿ, ಹಿಂದಿ, ತಮಿಳು, ಇಂಗ್ಲಿಷ್‌ಗಳಲ್ಲಿ ಬಂತು. ಇಲಾಂಗಾದ ಆರಂಭದ ಸಂಚಿಕೆಗಳು ಅಚ್ಚಾದದ್ದು ಭಾರತೀಯರ ಅದೇ ಇಂಟರ್‌ನ್ಯಾಷನಲ್ ಪ್ರಿಂಟಿಂಗ್ ಪ್ರೆಸ್‌ನಲ್ಲಿ! 1904ರ ಕೊನೆಗೆ ಗಾಂಧೀಜಿಯ ಅಚ್ಚುಕೂಟ ಫೀನಿಕ್ಸ್ ಆಶ್ರಮಕ್ಕೆ ಹೋಯಿತು. ಕೆಲವೇ ಕಿಲೋಮೀಟರ್ ಆಚೆ, ಇನಾಂಡಾದಲ್ಲಿ ಡುಬೆ ಅವರ ಓಹ್ಲಾಂಗೆ ಶಾಲೆ. 1905ರಲ್ಲಿ ಡುಬೆ ಭಾಷಣ ಕೇಳಿದ ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಮೆಚ್ಚಿ ಬರೆದರು. ನೆರೆಹೊರೆ ಅಷ್ಟಕ್ಕೇ ನಿಂತಿತು. ಇಬ್ಬರ ರಾಜಕೀಯ ಒಂದಾಗಲಿಲ್ಲ. ಸತ್ಯಾಗ್ರಹ ಎಂಬ ಪದ ಹುಟ್ಟಿದ್ದು ಇಂಡಿಯನ್ ಒಪಿನಿಯನ್ ನಡೆಸಿದ ಸ್ಪರ್ಧೆಯಿಂದ. ಆದರೆ ಆ ಪತ್ರಿಕೆಗೆ ಜುಲು ಪುಟವೊಂದು ಬೇಕೆಂದು ಯಾರಿಗೂ ತೋಚಿದಂತಿಲ್ಲ.

ಸಾಮಾನ್ಯ ಜನರ ನಡುವೆ ಮಾತು ನಡೆಯುತ್ತಿದ್ದದ್ದು ಅಂಗಡಿ ಕಟ್ಟೆಯಲ್ಲಿ. 1860ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಬಂದವರಲ್ಲಿ ತಮಿಳರು, ತೆಲುಗರು, ಭೋಜಪುರಿಯವರು ಹೆಚ್ಚು. ಸೂರತ್, ಕಾಠಿಯಾವಾಡಗಳ ಗುಜರಾತಿಗಳು ಬಂದದ್ದು 1870ರ ದಶಕದಿಂದ, ಸ್ವಂತ ಟಿಕೆಟ್ ಕೊಂಡು, ವ್ಯಾಪಾರಕ್ಕೆ. ಅವರ ಗಿರಾಕಿಗಳಲ್ಲಿ ಅನೇಕರು ಜುಲು ಜನ. ಅಲ್ಲಿ ಬಳಕೆಯಾದದ್ದು ಫನಗಲೋ ಎಂಬ ಹರಕು ಭಾಷೆ. ಪದಗಳು ಬಹುಪಾಲು ಜುಲುವಿನವು, ಜೊತೆಗೆ ಇಂಗ್ಲಿಷ್, ಆಫ್ರಿಕಾನ್ಸ್. ಜುಲುವಿನ ವರ್ಗಗಳ ಸೂಕ್ಷ್ಮ ಮಾತ್ರ ನಾಪತ್ತೆ. ಇದು ಭಾರತೀಯರದೇ ಸೃಷ್ಟಿ ಎಂಬ ವಾದವಿತ್ತು. ಆದರೆ ಭಾರತೀಯರು ಬರುವ ಮೊದಲೇ ನಟಾಲಿನಲ್ಲಿ ಅದರ ಕುರುಹುಗಳಿದ್ದವೆಂದು ಭಾಷಾಶಾಸ್ತ್ರಜ್ಞ ರಾಜೇಂದ್ ಮೆಸ್ತ್ರಿ ತೋರಿಸಿದರು. ಗಣಿ, ತೋಟಗಳಲ್ಲಿ ಅದು ಧಣಿ ಆಳಿಗೆ ಹುಕುಂ ಕೊಡುವ ಭಾಷೆಯೂ ಆಗಿತ್ತು. ತಮ್ಮ ನುಡಿಯ ಅಂದ ಕೆಡಿಸಿ, ತಮಗೇ ಅಪ್ಪಣೆ ಮಾಡುವ ಮಾತನ್ನು ಜುಲು ಜನ ಅವಮಾನವೆಂದು ಕಂಡದ್ದು ಸಹಜ. 1949ರ ಜನವರಿಯಲ್ಲಿ ಡರ್ಬನ್‌ನಲ್ಲಿ ಆಫ್ರಿಕನ್ನರಿಗೂ ಭಾರತೀಯರಿಗೂ ನಡೆದ ಗಲಭೆಯಲ್ಲಿ 142 ಜನ ಸತ್ತರು. ಅದರ ಹಿಂದೆ ವಸತಿ, ವ್ಯಾಪಾರ, ಸರ್ಕಾರದ ವರ್ಣನೀತಿ ಎಲ್ಲವೂ ಇದ್ದವು. ಅಂಗಡಿ ಕಟ್ಟೆಯಾಚೆ ಬೆಳೆಯದ ಮಾತುಕತೆಯನ್ನೂ ಆ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಇನ್ನೂ ಹಳೆಯ ಒಂದು ನಂಟು ಗುಜರಾತಿನಲ್ಲೇ ಉಂಟು. ಪೂರ್ವ ಆಫ್ರಿಕದಿಂದ ಬಂದವರ ವಂಶಜರಾದ ಅಲ್ಲಿನ ಸಿದ್ದಿಗಳು ಇಂದು ಗುಜರಾತಿ ಆಡುತ್ತಾರೆ. ಅವರ ಕುಣಿತದ ಹೆಸರು ‘ಗೋಮಾ’. ಬಾಂಟು ನುಡಿಯಾದ ಸ್ವಾಹಿಲಿಯಲ್ಲಿ ‘ಎಂಗೋಮಾ’ ಎಂದರೆ ಡೋಲು, ಕುಣಿತ. ಜುಲುವಿನಲ್ಲಿ ‘ಇಂಗೋಮಾ’ ಎಂದರೆ ಹಾಡು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ನಮ್ಮ ಸಿದ್ದಿಗಳ ಮೂಲವೂ ಆಫ್ರಿಕವೇ.

ಇಂಡಿಯನ್ ಒಪಿನಿಯನ್ 1961ರಲ್ಲಿ ನಿಂತಿತು. 1985ರ ಗಲಭೆಯಲ್ಲಿ ಫೀನಿಕ್ಸ್ ಆಶ್ರಮ ಸುಟ್ಟುಹೋಯಿತು. 2000ದಲ್ಲಿ ಮತ್ತೆ ಕಟ್ಟಿ ತೆರೆದರು. ಇಲಾಂಗಾ ನೂರು ವರ್ಷ ದಾಟಿತು. 1994ರಲ್ಲಿ ನೆಲ್ಸನ್ ಮಂಡೇಲಾ ತಮ್ಮ ಮೊದಲ ಮತ ಹಾಕಿದ್ದು ಡುಬೆ ಅವರ ಓಹ್ಲಾಂಗೆ ಶಾಲೆಯಲ್ಲಿ. 1996ರ ಸಂವಿಧಾನದ 6ನೇ ಪರಿಚ್ಛೇದದಲ್ಲಿ ಎರಡು ಭಾಷೆಗಳೂ ಇವೆ: ಜುಲು ಅಧಿಕೃತ ಭಾಷೆಯಾಗಿ, ಗುಜರಾತಿ ಉತ್ತೇಜನ ಮತ್ತು ಗೌರವ ಸಲ್ಲಬೇಕಾದ ಸಮುದಾಯದ ಭಾಷೆಯಾಗಿ. ಆ ವೇಳೆಗೆ ಭಾರತೀಯ ಮನೆಗಳಲ್ಲಿ ಇಂಗ್ಲಿಷ್ ಗಟ್ಟಿಯಾಗಿ ತಳವೂರಿತ್ತು. 2014ರಿಂದ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯ ಹೊಸ ಪದವಿ ವಿದ್ಯಾರ್ಥಿಗಳಿಗೆ ಜುಲು ಕಲಿಕೆಯನ್ನು ಕಡ್ಡಾಯಗೊಳಿಸಿತು. ಮುತ್ತಜ್ಜ ಅಂಗಡಿಯಲ್ಲಿ ಫನಗಲೋದಲ್ಲಿ ಹೇಗೋ ನಿಭಾಯಿಸಿದ್ದ ಭಾಷೆಯನ್ನು, ಮನೆಯಲ್ಲಿ ಗುಜರಾತಿ ಮರೆತ ಮರಿಮಕ್ಕಳು ಈಗ ವ್ಯಾಕರಣದ ವರ್ಗಗಳ ಸಮೇತ ಕಲಿಯಬೇಕಾಗಿದೆ.