ಲೆಸ್ಟರಿನ ಮೆರವಣಿಗೆ

ಪ್ರತಿಯೊಂದು ಶಿಶುವಿಗೂ ಮೂರು ತಿಂಗಳೊಳಗೆ ದೇವಿ (ಸಿಡುಬಿನ ಲಸಿಕೆ) ಹಾಕಿಸತಕ್ಕದ್ದೆಂದು 1853ರ ಶಾಸನವು ಇಂಗ್ಲೆಂಡಿನಲ್ಲಿ ವಿಧಿಸಿದಾಗ, ತಾಯ್ತಂದೆಯರ ಭೀತಿಯನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವಂತಿರಲಿಲ್ಲ. ಎಂಟನೆಯ ದಿನ ಒಂದು ಕೂಸಿನ ತೋಳಿನಲ್ಲಿ ತುಂಬಿನಿಂತ ಬೊಕ್ಕೆಯನ್ನು ಚೂಪಾದ ಕಿರುಗತ್ತಿಯಿಂದ ಒಡೆದು, ಅದರ ರಸವನ್ನು ಮತ್ತೊಂದು ಕೂಸಿನ ಗೀರಿದ ತೋಳಿಗೆ ಸವರುತ್ತಿದ್ದ ಆ ಪದ್ಧತಿಯಲ್ಲಿ, ರಸದೊಡನೆ ವಿಸರ್ಪವೆಂಬ ಚರ್ಮದ ಸೋಂಕೂ, ವಿರಳವಾಗಿ ಉಪದಂಶವೂ (ಸಿಫಿಲಿಸ್) ದಾಟಿಬಂದುದುಂಟು. ದೇವಿ ಹಾಕಿಸದವರಿಗೆ ವಿಧಿಸಿದ ದಂಡ, ಜಪ್ತಿ, ಸೆರೆವಾಸಗಳಿಂದ ರೊಚ್ಚಿಗೆದ್ದ ಲೆಸ್ಟರ್ ನಗರದಲ್ಲಿ 1885ರ ಮಾರ್ಚಿ ತಿಂಗಳಲ್ಲಿ ಸಹಸ್ರಾರು ಜನರು ಪುಟ್ಟ ಶವಪೆಟ್ಟಿಗೆಯೊಂದನ್ನು ಹೊತ್ತು ಮೆರವಣಿಗೆ ಹೊರಟು, ಈ ಲಸಿಕೆಯನ್ನು ಬಳಕೆಗೆ ತಂದ ಜೆನ್ನರನ ಪ್ರತಿಕೃತಿಯನ್ನು ಗಲ್ಲಿಗೇರಿಸಿದರು. ಸತ್ತು ಆರು ದಶಕಗಳಾಗಿದ್ದ ಆ ಸಾಧು ವೈದ್ಯನಿಗೆ ಇದೆಂತಹ ಮರ್ಯಾದೆ!

ಅವರ ಕೋಪಕ್ಕೆ ಕಾರಣವಿತ್ತು, ನಿರ್ಣಯಕ್ಕೆ ಆಧಾರವಿರಲಿಲ್ಲ. ವಿಧಾನದ ದೋಷವನ್ನು ಲಸಿಕೆಯ ತತ್ತ್ವದ ಮೇಲೆಯೇ ಹೊರಿಸಿ ಮಕ್ಕಳನ್ನು ಹಾಗೆಯೇ ಬಿಟ್ಟುದರ ಫಲವನ್ನು, ದೇವಿ ಹಾಕಿಸುವುದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದ ಗ್ಲಾಸ್ಟರ್ ಪಟ್ಟಣವು 1895–96ರಲ್ಲಿ ಕಂಡಿತು. ಅಲ್ಲಿ ಸಿಡುಬಿಗೆ ತುತ್ತಾದ 400ಕ್ಕೂ ಮಿಕ್ಕ ಜೀವಗಳಲ್ಲಿ ಬಹುಪಾಲು ಮಕ್ಕಳವು. ಈ ವಿವಾದದ ಬಗ್ಗೆ ಏಳು ವರ್ಷ ವಿಚಾರಣೆ ನಡೆಸಿದ ರಾಯಲ್ ಕಮಿಷನ್ 1896ರಲ್ಲಿ ಲಸಿಕೆಯ ರಕ್ಷಣೆಯನ್ನು ಎತ್ತಿಹಿಡಿದು, ಮೇಲಿಂದ ಮೇಲೆ ವಿಧಿಸುವ ದಂಡವನ್ನು ಮಾತ್ರ ಬೇಡವೆಂದಿತು. 1898ರ ಶಾಸನವು ಮನಸ್ಸಾಕ್ಷಿಯ ಕಾರಣದಿಂದ ನಿರಾಕರಿಸುವವರಿಗೆ ವಿನಾಯಿತಿಯನ್ನಿತ್ತಿತು. ತೋಳಿನಿಂದ ತೋಳಿಗೆ ದಾಟಿಸುವ ಕ್ರಮವನ್ನು ನಿಲ್ಲಿಸಿ, ಗ್ಲಿಸರಿನ್ ಬೆರೆಸಿದ ಕರುವಿನ ಲಸಿಕೆಯನ್ನು ಬಳಕೆಗೆ ತಂದಿತು.